ಹೇರಿಮ್ ಇಡುವ ಬಜೆಟ್

ನಮ್ಮ ಬುಸಾನಿನಲ್ಲಿ ಕಟ್ಟಡ ಕಟ್ಟುವವರು ಬೇಕಾದಷ್ಟಿದ್ದಾರೆ, ಆದರೆ ಪಾಯ ತೋಡುವ ಮೊದಲೇ ಖರ್ಚು ಹೇಳಿಬಿಡುವವಳು ನನ್ನ ಸೊಸೆ ಹೇರಿಮ್ ಒಬ್ಬಳೇ, ಬರೆದುಕೋ. ಮೊದಲೇ ಬೆಲೆ ಗೊತ್ತುಮಾಡುವ ಒಟ್ಟು ಮೊತ್ತದ ಗುತ್ತಿಗೆಯಾದರೆ ಒಂದು ಮೊಳೆಯನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯುತ್ತಾಳೆ, ಆದಷ್ಟು ಕೆಲಸಕ್ಕೆ ದುಡ್ಡು ಕೊಡುವ ಅಳತೆಯ ಗುತ್ತಿಗೆಯಾದರೆ ಮಣ್ಣಿನಡಿ ಬಂಡೆ ಸಿಕ್ಕೀತೆಂದು ಲೆಕ್ಕದಲ್ಲಿ ಸ್ವಲ್ಪ ಕೈ ಸಡಿಲಿಸುತ್ತಾಳೆ, ಖರ್ಚಿನ ಮೇಲೆ ಲಾಭ ಕೊಡುವ ಗುತ್ತಿಗೆಯಾದರೆ, "ಬಿಟ್ಟಿ ಊಟ ಅಂದ್ಕೊಂಡ್ರಾ?" ಎಂದು ಗುತ್ತಿಗೆದಾರನಿಗೆ ಮಿತಿ ಹಾಕುತ್ತಾಳೆ. ಕಿಮ್ಚಿ ಹಾಕುವಾಗಲೂ, "ಅತ್ತೆ, ಎಲೆಕೋಸು ಅಳತೆ ಗುತ್ತಿಗೆ, ನಿಮ್ಮ ಬೈಗುಳ ಒಟ್ಟು ಗುತ್ತಿಗೆ" ಅನ್ನುತ್ತಾಳೆ, ತುಂಟಿ. ಮೊನ್ನೆ ದೊಡ್ಡ ಮಾಲೀಕನೊಬ್ಬ, "ಆಳು ಬಿದ್ರೆ ಹಿಡಿಯೋ ಬಲೆ ಖರ್ಚು ತೆಗೀಮ್ಮ, ಇಲ್ಲಾಂದ್ರೆ ಕೆಲ್ಸ ಬೇರೆಯವ್ರಿಗೆ" ಅಂದ. "ಧಾರಾಳವಾಗಿ ಕೊಡಿ" ಅಂದಳು. ಕೆಲಸ ಹೋಯಿತು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ತೀರಿಕೊಂಡ ನನ್ನ ಗಂಡನನ್ನು ಅವಳು ನೋಡಿಯೇ ಇಲ್ಲ. ಆದರೂ ಗುತ್ತಿಗೆ ಯಾವುದೇ ಇರಲಿ, ಅವಳು ಮೊದಲು ಹಣ ತೆಗೆದಿಡುವುದು ಆ ಬಲೆಗೇ.