ಸಿಪಾಯಿ ಗುಡ್ಡೆಯ ಕೂಸಪ್ಪ

ಕೂಸಪ್ಪ ಸತ್ತರೆ ಅವನನ್ನು ಎಲ್ಲಿ ಇಡುತ್ತಾರೆ ಎಂಬ ಚಿಂತೆ ಆ ಮಳೆಗಾಲವಿಡೀ ನನ್ನ ಬೆನ್ನು ಬಿಡಲಿಲ್ಲ. ಅವನು ನನ್ನ ಬಂಧುವಲ್ಲ, ಬಳಗವಲ್ಲ. ಬದುಕಿರುವವನ ಬಗ್ಗೆ ಹೀಗೆ ಯೋಚಿಸಬಾರದೆಂದೂ ನನಗೆ ಗೊತ್ತಿತ್ತು. ಆದರೆ ಅಡಿಗೆಮನೆಯ ಕಿಟಕಿ ತೆರೆದರೆ ಎದುರಿಗೇ ಗುಡ್ಡೆ, ಗುಡ್ಡೆಯ ಗೇಟಿನಲ್ಲಿ ಅವನು, ಅವನ ಜೊತೆಗೆ ಅವನ ಕೆಮ್ಮು. ಆ ಕೆಮ್ಮು ಗಾಳಿಯಲ್ಲಿ ತೇಲಿ ಬಂದು ನನ್ನ ಮಗು ಗಂಗಾಳಿಗೆ ತಗುಲೀತೆಂದು ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿದ ಮೇಲೆ ಕೆಮ್ಮು ಕೇಳಿಸದಿದ್ದರೆ ಮುದುಕನಿಗೆ ಏನಾಯಿತೋ ಎಂದು ಮತ್ತೆ ತೆರೆಯುತ್ತಿದ್ದೆ. ನನ್ನ ಗಂಡ ಜನಾರ್ದನರು ನಗುತ್ತಿದ್ದರು. ಮಂಗಳೂರಿನ ಹೈಸ್ಕೂಲಿನಲ್ಲಿ ಓದಿದ್ದರಿಂದ ನನಗೆ ಬಂದದ್ದು ಇಂಗ್ಲಿಷ್ ಅಲ್ಲ, ಹೆದರಿಕೆ ಎಂದು ಅವರ ತಮಾಷೆ.

ಆ ಮನೆಯನ್ನು ನಮಗೆ ಹುಡುಕಿಕೊಟ್ಟವನು ಕೂಸಪ್ಪನೇ. ಜನಾರ್ದನರಿಗೆ ಕುಂಜತ್ತೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಮಂಗಳೂರಿನಲ್ಲಿದ್ದ ನನ್ನ ದೊಡ್ಡಪ್ಪ ಮಹಾಗಣಪತಿಯವರು ಅವನಿಗೆ ಹೇಳಿ ಕಳಿಸಿದ್ದರು. ಮನೆ ಅಗಲವಾಗಿತ್ತು, ಬಾವಿಯ ನೀರು ಸಿಹಿಯಾಗಿತ್ತು, ಬಾಡಿಗೆ ಕಡಿಮೆ. ಯಾಕೆ ಕಡಿಮೆಯೆಂದು ತಿಳಿದದ್ದು ಗುಡ್ಡೆಯಿಂದ ಮೊದಲ ಚಿತೆಯ ಹೊಗೆ ಎದ್ದ ದಿನ. ಬಾಣಂತಿತನ ಮುಗಿಸಿಕೊಂಡು ಬಂದು ಇನ್ನೂ ಒಂದು ವಾರವಾಗಿರಲಿಲ್ಲ. ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಓಡಿದ್ದೆ. ಸಂಜೆ ಕೂಸಪ್ಪ ಅಂಗಳದ ಕೊನೆಯಲ್ಲಿ ನಿಂತು, ಇನ್ನು ಮುಂದೆ ಬೆಂಕಿ ಇಡುವ ಮೊದಲು ನಿಮಗೆ ಹೇಳಿ ಹೋಗುತ್ತೇನೆ, ಕಿಟಕಿ ಮುಚ್ಚಿಕೊಳ್ಳಬಹುದು ಎಂದ. ಆ ಮಾತನ್ನು ಅವನು ಒಮ್ಮೆಯೂ ತಪ್ಪಲಿಲ್ಲ.

ಸತ್ತವರನ್ನು ಸುಟ್ಟ ಜಾಗದಲ್ಲಿ ಮಣ್ಣು ಏರಿಸಿ ಮಾಡುವ ದಿಬ್ಬಕ್ಕೆ ನಮ್ಮ ಕಡೆ ದೂಪೆ ಎನ್ನುತ್ತಾರೆ. ದೀಪಾವಳಿಯ ಪರ್ಬ ಬಂತೆಂದರೆ ಮನೆಯವರು ಅದರ ಮುಂದೆ ದೀಪವಿಟ್ಟು ಎಲೆ ಹಾಕಿ ಬಡಿಸುತ್ತಾರೆ. ಸ್ವಂತ ಜಾಗ ಇದ್ದವರದ್ದು ಅವರವರ ಹಿತ್ತಿಲಲ್ಲೇ ಆಗುತ್ತದೆ. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿ ಕೂತವರಿಗೆ ಅದಿಲ್ಲ. ಒಂದು ದೂಪೆ ಎದ್ದರೆ ನಾಳೆ ಆ ಜಾಗವೇ ತಮ್ಮದೆಂದು ಸತ್ತವನ ಮಕ್ಕಳು ಕೋರ್ಟಿಗೆ ಹೋದಾರೆಂದು ಧಣಿಗಳಿಗೆ ಭಯ. ಅಂಥವರ ಹೆಣ ಸಮುದ್ರದ ಕರೆಗೆ, ಹೊಯಿಗೆ ಎಂದು ನಾವು ಹೇಳುವ ದಂಡೆಯ ಮರಳಿಗೆ ಹೋಗುತ್ತದೆ, ಮಳೆಗಾಲ ಬಂದರೆ ಅಲೆ ಎಲ್ಲವನ್ನೂ ತೊಳೆದುಬಿಡುತ್ತದೆ. ಮೊದಲನೇ ಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳಲ್ಲಿ ಹೀಗೆ ಜಾಗವಿಲ್ಲದವರು ಬಹಳ ಮಂದಿ ಇದ್ದರು. ಮಸೀದಿಯವರಿಗೂ ಇಗರ್ಜಿಯವರಿಗೂ ಅವರವರ ನೆಲವಿತ್ತು. ಉಳಿದವರಿಗಾಗಿ ಮೂವತ್ತರ ದಶಕದಲ್ಲಿ ಸರಕಾರ ಈ ಬೋಳು ಮುರಕಲ್ಲಿನ ಗುಡ್ಡೆಗೆ ಬೇಲಿ ಹಾಕಿಸಿ ಕೊಟ್ಟಿತು. ಕಾವಲಿನವನ ಸಂಬಳ, ಪ್ರತಿ ಹೆಣಕ್ಕೆ ಇಷ್ಟು ಸೌದೆ ಎಂದು ಮದ್ರಾಸಿನಿಂದ ಹಣ ಬರುತ್ತಿತ್ತು. ಬೇಲಿಗೂ ಸುಣ್ಣಕ್ಕೂ ಆಗುವ ಖರ್ಚಿಗೆ ಆಮೇಲೆ ಅಲ್ಲಿ ನೆಟ್ಟ ಗೇರುಮರಗಳೇ ದಾರಿ. ವರ್ಷಕ್ಕೊಮ್ಮೆ ಮಂಗಳೂರಿನ ಕಮಿಟಿಯವರು ಕಾರಿನಲ್ಲಿ ಬಂದು, ಬೊಂಡ ಕುಡಿದು, ಗೇರುಬೀಜ ಏಲಂ ಮಾಡಿಸಿ ಹೋಗುತ್ತಿದ್ದರು. ಆ ಕಮಿಟಿಯ ಸೆಕ್ರೆಟರಿ ನನ್ನ ದೊಡ್ಡಪ್ಪ.

ಕಾವಲಿಗೆ ಮೊದಲ ದಿನದಿಂದಲೂ ಇದ್ದವನು ಕೂಸಪ್ಪ. ಶಿರಿಯದಲ್ಲಿ ದೋಣಿ ದಾಟಿಸುವವನ ಮಗ. ಮೀಸೆ ಮೂಡುವ ಮೊದಲೇ ಯಾರದೋ ಮಾತು ಕೇಳಿ ಅದೇ ಯುದ್ಧಕ್ಕೆ ಬಸ್ರಾಕ್ಕೆ ಹೋಗಿದ್ದ, ಆದರೆ ಸಿಪಾಯಿಯಾಗಿ ಅಲ್ಲ. ಪಲ್ಟಣದ ಅಡಿಗೆಯ ಪಾತ್ರೆ ತಿಕ್ಕುವುದಕ್ಕೆ. ಮರಳಿನಲ್ಲಿ ತಿಕ್ಕುತ್ತಿದ್ದೆ ಅಮ್ಮ, ನೀರು ಕುಡಿಯುವುದಕ್ಕೇ ಸಾಲದು ಎಂದು ಹೇಳುತ್ತಿದ್ದ. ಮೂರು ವರ್ಷ ತಿಕ್ಕಿ, ಒಂದು ಉಣ್ಣೆಯ ಕೋಟು ಹಾಕಿಕೊಂಡು ಹಿಂದೆ ಬಂದ. ಗೇಟಿನೊಳಗೆ ಹೆಣ ಬಂದಾಗ ಎಂಥ ಬಿಸಿಲಿದ್ದರೂ ಆ ಕೋಟು ತೊಟ್ಟು ನೆಟ್ಟಗೆ ನಿಲ್ಲುತ್ತಿದ್ದ. ಜಮಾದಾರನ ದೂಪೆ ಆಗಲಿ ಸಾದಾ ಸಿಪಾಯಿಯದ್ದಾಗಲಿ ಒಂದೇ ಎತ್ತರಕ್ಕೆ ಕಟ್ಟುತ್ತಿದ್ದ. ಪರ್ಬಕ್ಕೆ ಮೊದಲು ಪ್ರತಿಯೊಂದರ ಸುತ್ತಲಿನ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ. ಯಾರೂ ಬಾರದ ದೂಪೆಗಳಿಗೆ ಅವನ ಹೆಂಡತಿ ಕಿನ್ನಿ ಮನೆಯ ಅವಲಕ್ಕಿಯನ್ನೇ ಒಂದೊಂದು ಹಿಡಿ ಬಡಿಸಿ ಬರುತ್ತಿದ್ದಳು.

ಅಲ್ಲಿಯ ಕಾನೂನು ಒಂದೇ, ಬಂದೂಕು ಹಿಡಿದವರಿಗೆ ಮಾತ್ರ ಜಾಗ. ಅದನ್ನು ಯಾರು ಕೇಳಿದರೂ ಕೇಳದಿದ್ದರೂ ಹೇಳುತ್ತಿದ್ದವನು ಅವನೇ. ತಾನು ಹಿಡಿದದ್ದು ಸಟ್ಟುಗವೆಂಬುದನ್ನೂ ಮುಚ್ಚಿಡುತ್ತಿರಲಿಲ್ಲ.

ಐವತ್ತಾರರ ನವೆಂಬರದಲ್ಲಿ ರಾಜ್ಯಗಳ ಗಡಿ ಬದಲಾಗಿ, ನಾವು ಮಲಗಿ ಏಳುವಷ್ಟರಲ್ಲಿ ಕೇರಳದವರಾದೆವು. ಮಂಗಳೂರು ಆಚೆ ಉಳಿಯಿತು. ಜನಾರ್ದನರ ಸಂಬಳ ತಡವಾಗಿ ಬಂತು, ಕೂಸಪ್ಪನ ಸಂಬಳ ಬರಲೇ ಇಲ್ಲ. ಗುಡ್ಡೆ ಈಗ ತಮ್ಮದಲ್ಲವೆಂದು ಮಂಗಳೂರಿನಲ್ಲಿ ಹೇಳಿದರು. ಇನ್ನೂ ತಮಗೆ ಬಂದಿಲ್ಲವೆಂದು ತೆಂಕಣ ಕೇರಳದ ಕಚೇರಿಯಲ್ಲಿ ಹೇಳಿದರು. ಬೇಸಿಗೆಯಲ್ಲಿ ಗೇರುಬೀಜ ಉದುರಿತು, ಏಲಂ ಮಾಡಲು ಯಾರೂ ಬರಲಿಲ್ಲ. ಕೂಸಪ್ಪ ಒಂದೊಂದೇ ಹೆಕ್ಕಿ ತಂದು ಗೇಟಿನ ಪಕ್ಕದ ತೆಂಗಿನ ಮಡಲಿನ ಮಾಡಿನಡಿ ರಾಶಿ ಹಾಕಿದ. ತನ್ನ ಗುಡಿಸಲಿನಲ್ಲಿ ಗಂಜಿಗೆ ಅಕ್ಕಿಯಿಲ್ಲದ ದಿನವೂ ಅದರಿಂದ ಒಂದು ಬೀಜ ಎತ್ತಲಿಲ್ಲ, ಸರಕಾರದ್ದಂತೆ. ದಾರಿಯಲ್ಲಿ ಹೋಗುವವರು, ಸರಕಾರ ಬಂದರೆ ಹುರಿದು ಕೊಡು ಮಾರಾಯ ಎಂದು ಕೆಣಕಿ ಹೋಗುತ್ತಿದ್ದರು. ಮಳೆ ಹಿಡಿಯಿತು. ಮಾಡು ಸೋರಿ ರಾಶಿಯೆಲ್ಲ ಮೊಳಕೆ ಒಡೆಯಿತು.

ಆ ಮಳೆಯಲ್ಲೇ ಉಗ್ಗಪ್ಪ ಸತ್ತ. ಬರ್ಮಾದಲ್ಲಿ ಹೋರಾಡಿ ಒಂದು ಕಾಲನ್ನು ಎಳೆಯುತ್ತಾ ಬಂದವನು, ಕುಂಜತ್ತೂರಿನ ಮಕ್ಕಳಿಗೆಲ್ಲ ಪರಿಚಯದವನು. ತಮ್ಮ ಬಟ್ಯ ಮತ್ತು ನಾಲ್ಕೈದು ಮಂದಿ ಹೆಣ ಹೊತ್ತು ತಂದರು. ಕೂಸಪ್ಪ ಗೇಟು ತೆರೆಯಲಿಲ್ಲ. ಆರ್ಡರ್ ಇಲ್ಲ ಎಂದ. ಆಚೆಯದ್ದಾದರೂ ಸರಿ, ಈಚೆಯದ್ದಾದರೂ ಸರಿ, ಒಂದು ಆರ್ಡರ್ ಇಲ್ಲದೆ ಬೀಗ ತೆಗೆದರೆ ನಾಳೆ ಯಾರು ಬೇಕಾದರೂ ಬಂದು ಸುಟ್ಟಾರು, ಗುಡ್ಡೆ ಸಿಪಾಯಿಗಳದ್ದಾಗಿ ಉಳಿಯದು ಎಂದು ಅವನ ವಾದ. ಬಟ್ಯ ಕೈ ಮುಗಿದ, ಬೈದ, ಕೊನೆಗೆ ಕೆಸರಿನಲ್ಲೇ ಕೂತ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೂಸಪ್ಪ ಕೋಟು ತೊಟ್ಟು, ನೀರು ಸುರಿಸುತ್ತಾ, ಬೇಲಿಯ ಒಳಗೆ ನೆಟ್ಟಗೆ ನಿಂತೇ ಇದ್ದ. ಅವರು ಹೆಣವನ್ನು ಕರೆಗೆ ಒಯ್ದರು. ಉಗ್ಗಪ್ಪನ ದೂಪೆ ಒಂದು ವಾರವೂ ನಿಲ್ಲಲಿಲ್ಲ, ಸಮುದ್ರ ಎಳೆದುಕೊಂಡಿತು.

ಕೆಮ್ಮು ಶುರುವಾದದ್ದು ಅಲ್ಲಿಂದ. ಒಂದು ದಿನ ಅಂಗಳದ ಕೊನೆಯಲ್ಲಿ ಬಂದು ನಿಂತ. ಗಂಗಾ ತೆವಳಿಕೊಂಡು ಅವನತ್ತ ಹೋಗುವುದನ್ನು ಕಂಡು ನಾನು ಧಾವಿಸಿ ಎತ್ತಿಕೊಂಡೆ. ಅವನು ಅರ್ಥವಾದವನಂತೆ ಇನ್ನೆರಡು ಹೆಜ್ಜೆ ಹಿಂದೆ ಸರಿದ.

“ನಾನು ತೆಗೆಯಬಹುದಿತ್ತು ಅಮ್ಮ” ಎಂದ. “ಬೀಗದ ಕೈ ನನ್ನ ಸೊಂಟದಲ್ಲೇ ಇತ್ತಲ್ಲ.”

ಸ್ವಲ್ಪ ಹೊತ್ತು ಕೆಮ್ಮಿ, ತನ್ನ ಮಾತು ತೆಗೆದ. ಗುಡಿಸಲಿರುವ ಜಾಗದ ಧಣಿ ಸೌದೆ ಕೊಡುತ್ತೇನೆ, ಆದರೆ ದೂಪೆ ಬೇಡ ಎಂದು ಈಗಲೇ ಹೇಳಿ ಕಳಿಸಿದ್ದಾರಂತೆ. ಗುಡ್ಡೆಯಲ್ಲಿ, ಸಾಲಿನೊಳಗಲ್ಲ, ಗೇಟಿನ ಬುಡದ ಗೇರುಮರದ ಹತ್ತಿರ ತನಗೊಂದು ಜಾಗ ಆದೀತೋ ಎಂದು ದೊಡ್ಡಪ್ಪನವರಲ್ಲಿ ಒಂದು ಮಾತು ಕೇಳಬೇಕಂತೆ. ಕಾನೂನಿನಲ್ಲಿಲ್ಲ, ಅದು ತನಗೂ ಗೊತ್ತುಂಟು, ಅದಕ್ಕೇ ಕೇಳುವುದು. ಕೇಳುತ್ತೇನೆ ಎಂದೆ.

ಮಂಜೇಶ್ವರದ ಪೋಸ್ಟಾಫೀಸಿನಲ್ಲಿ ಫೋನ್ ಇತ್ತು. ಜನಾರ್ದನರು ಬೇಡ ಎಂದರು. ಗಡಿಯ ಗಲಾಟೆಯ ಕಾಲ. ಕನ್ನಡದ ಮಾಷ್ಟ್ರುಗಳು ಯಾರ ಜೊತೆ ಏನು ಮಾತಾಡುತ್ತಾರೆಂದು ಕಿವಿ ಕೊಟ್ಟು ಕೇಳುವವರಿದ್ದರು. ಕೇರಳದ ನೆಲದ ವಿಷಯ ಮಂಗಳೂರಿಗೆ ಫೋನ್ ಮಾಡಿದರೆ, ಕೆಲಸ ಹೋಗದಿದ್ದರೂ ಎಲ್ಲೋ ದೂರದ ಮಲಯಾಳಂ ಶಾಲೆಗೆ ವರ್ಗ ಆದೀತು. ಮಗುವಿಗೆ ಆಗ ಹಲ್ಲು ಬರುತ್ತಿತ್ತು, ಜ್ವರ ಬೇರೆ. ನಾಳೆ ಹೋಗೋಣ, ಜ್ವರ ಬಿಡಲಿ, ಮಳೆ ನಿಲ್ಲಲಿ ಎಂದುಕೊಂಡು ದಿನ ಕಳೆದೆ. ಕಿಟಕಿ ಮುಚ್ಚಿದೆ, ತೆರೆದೆ.

ಪರ್ಬಕ್ಕೆ ಇನ್ನೇನು ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಕಿಟಕಿ ತೆರೆದರೂ ಕೆಮ್ಮು ಇಲ್ಲ. ಸುಣ್ಣದ ಮಡಕೆ ಗೇಟಿನ ಬಳಿ ಇತ್ತು. ಅರ್ಧ ಸಾಲಿನ ದೂಪೆಗಳಿಗೆ ಸುಣ್ಣ ಬಳಿದಾಗಿತ್ತು.

ಜನಾರ್ದನರು ಶಾಲೆಯ ಕೆಲಸದ ಮೇಲೆ ಕಾಸರಗೋಡಿಗೆ ಹೋಗಿದ್ದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ಗುಡಿಸಲಿಗೆ ಹೋದೆ. ಕಿನ್ನಿ ಅಳುತ್ತಿರಲಿಲ್ಲ. ಇಷ್ಟು ವರ್ಷ ಎಲ್ಲರ ಗಂಡಂದಿರಿಗೂ ಬಡಿಸಿದೆ, ಈ ಪರ್ಬಕ್ಕೆ ಅವರಿಗೆ ಎಲ್ಲಿ ಬಡಿಸಲಿ ಎಂದು ಮಾತ್ರ ಕೇಳಿದಳು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ, ಬಂದವರಲ್ಲೆಲ್ಲ ಕೇಳುತ್ತಿದ್ದಳು.

ಗುಡ್ಡೆಗೆ ಒಯ್ಯೋಣ ಎಂದು ಕೆಲವರು ಅಂದರು. ಆದರೆ ಗೇಟಿನ ಮುಂದೆ ಬಟ್ಯ ಕಾಲು ನೀಡಿ ಕೂತಿದ್ದ. ಹಳೆ ಸಿಪಾಯಿಗಳು ಇಬ್ಬರು ಮೂವರು ಅವನ ಹಿಂದೆ ನಿಂತಿದ್ದರು. ಅವನನ್ನು ಬೈಯಲೂ ಅವರಿಗೆ ಮನಸ್ಸಿಲ್ಲ, ಎಬ್ಬಿಸಲೂ ಮನಸ್ಸಿಲ್ಲ.

“ನನ್ನಣ್ಣ ಮೂರು ಗುಂಡು ತಿಂದವ. ಅವನಿಗೆ ಆರ್ಡರ್ ಬೇಕಿತ್ತು” ಎಂದ ಬಟ್ಯ. “ಪಾತ್ರೆ ತಿಕ್ಕಿದವನಿಗೆ ಬೇಡವಾ? ಕಾನೂನು ನನ್ನದಲ್ಲ, ಅವನದ್ದೇ.”

ಕಿನ್ನಿಯ ಮುಖ ನೋಡು ಎಂದೆ. ನೋಡಿದ. “ನನ್ನ ಅತ್ತಿಗೆಗೂ ಮುಖ ಉಂಟು ಅಮ್ಮ” ಎಂದು ತಲೆ ತಗ್ಗಿಸಿದ.

ಆರ್ಡರ್ ತಂದರೆ ಎದ್ದೇಳುತ್ತೀಯಾ ಎಂದು ಕೇಳಿದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬಟ್ಯ ನಕ್ಕ. ನನ್ನೆದುರಿಗೇ ತರಬೇಕು, ನೀವು ಓದಿದವರು, ಹೋಗಿ ಬಂದು ಏನಾದರೂ ಒಂದು ಹೇಳಿಬಿಟ್ಟೀರಿ ಎಂದ. ಹಾಗಾದರೆ ಜೊತೆಗೇ ಬಾ ಎಂದೆ.

ಮಂಜೇಶ್ವರಕ್ಕೆ ನಡೆದೇ ಹೋದೆವು. ಮಗು ಭಾರವಾಗಿ ನಾನು ದಾರಿ ಬದಿಗೆ ಎರಡು ಸಲ ನಿಂತೆ. ಮೂರನೇ ಸಲ ಬಟ್ಯ ಏನೂ ಹೇಳದೆ ಕೈ ಚಾಚಿದ. ಅವನ ಹೆಗಲ ಮೇಲಿನ ಬೈರಾಸಿನ ಕೊಳೆ ನೋಡಿ ಮನಸ್ಸು ಹಿಂಜರಿಯಿತು, ಆದರೂ ಕೊಟ್ಟೆ. ಗಂಗಾ ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬೀಗದ ಕೈ ಸೊಂಟದಲ್ಲೇ ಇತ್ತು, ತೆಗೆಯಬಹುದಿತ್ತು ಎಂದು ಕೂಸಪ್ಪ ಹೇಳಿದ್ದನ್ನು ಆಗ ಅವನಿಗೆ ಹೇಳಿದೆ. ಬಹಳ ದೂರ ನಡೆದ ಮೇಲೆ, ಯಾವಾಗ ಹೇಳಿದ್ದು ಎಂದು ಕೇಳಿದ. ಆಟಿ ತಿಂಗಳಲ್ಲಿ, ಮಳೆ ಜೋರಿದ್ದಾಗ ಎಂದೆ. “ನನ್ನಲ್ಲಿ ಬಂದು ಹೇಳಲಿಲ್ಲ” ಎಂದ, ಅಷ್ಟೆ.

ಪೋಸ್ಟ್‌ಮಾಸ್ಟರು ಮಂಗಳೂರಿಗೆ ಲೈನ್ ಸಿಗುವವರೆಗೆ ನಮ್ಮನ್ನು ಬೆಂಚಿನಲ್ಲಿ ಕೂರಿಸಿದರು. ಇವರು ನಾಳೆ ಯಾರಲ್ಲಿ ಏನು ಹೇಳುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಾ ಕೂತೆ. ಲೈನ್ ಸಿಕ್ಕಿತು. ಫೋನಿನಲ್ಲಿ ದೊಡ್ಡಪ್ಪನ ಸ್ವರ ಹಳ್ಳದೊಳಗಿಂದ ಬಂದಂತಿತ್ತು.

“ಯಾರು, ಮನೋರಮನಾ? ಮಗುವಿಗೆ ಎಂತಾಯ್ತು?”

ಮಗುವಿಗೆ ಏನೂ ಆಗಿಲ್ಲ, ಕೂಸಪ್ಪ ತೀರಿಹೋದ ಎಂದೆ. ಗೇಟು, ಬಟ್ಯ, ಆರ್ಡರು ಎಲ್ಲವನ್ನೂ ಗಡಬಡಿಸಿ ಹೇಳಿದೆ. ಗುಡ್ಡೆ ತಮ್ಮ ಕೈ ತಪ್ಪಿ ಹೋಯಿತು, ಈಗ ತಾವು ಹೇಳಿದ ಮಾತಿಗೆ ಅಲ್ಲಿ ಬೆಲೆಯಿಲ್ಲ ಎಂದರು.

“ಬೆಲೆ ಇಲ್ಲದ ಮಾತಾದರೆ ಹೇಳುವುದಕ್ಕೆ ಹೆದರಿಕೆ ಯಾಕೆ ದೊಡ್ಡಪ್ಪ?” ಎಂದೆ. ಅವರೆದುರು ನಾನು ಎಂದೂ ಹಾಗೆ ಮಾತಾಡಿದವಳಲ್ಲ. ಅವರು ಉತ್ತರಿಸುವ ಮೊದಲೇ ಫೋನನ್ನು ಬಟ್ಯನ ಕೈಗೆ ಕೊಟ್ಟು ಮಗುವನ್ನು ತೆಗೆದುಕೊಂಡೆ.

ಬಟ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದ.

“ಧಣಿ, ನಾನು ಉಗ್ಗಪ್ಪನ ತಮ್ಮ. ಗುಡ್ಡೆಯಲ್ಲಿ ಇಬ್ಬರಿಗೆ ಜಾಗ ಆಗಬೇಕು. ಒಬ್ಬ ಗುಡಿಸಲಿನಲ್ಲಿದ್ದಾನೆ. ಒಬ್ಬನನ್ನು ಸಮುದ್ರ ಕೊಂಡುಹೋಗಿದೆ, ಅವನ ದೂಪೆಗೆ ಕರೆಯ ಹೊಯಿಗೆ ತಂದು ಹಾಕುತ್ತೇವೆ.”

ಪೋಸ್ಟ್‌ಮಾಸ್ಟರು ನನ್ನತ್ತ ನೋಡಿ ಕೈಯಾಡಿಸಿದರು. ಲೈನ್ ಆಗಲೇ ಕಡಿದಿತ್ತು. ಬಟ್ಯನೂ ಆ ಸನ್ನೆಯನ್ನು ನೋಡಿದ. ನೋಡಿಯೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆಚೆ ಯಾರೋ ಹೇಳುತ್ತಿರುವುದನ್ನು ಗಮನವಿಟ್ಟು ಕೇಳುವವನಂತೆ, ಕೆಳಗೆ ನೋಡುತ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ಹಾಂ ಧಣಿ, ಆಯ್ತು ಧಣಿ ಎಂದು ಅದನ್ನು ಮೆಲ್ಲಗೆ ಕೆಳಗಿಟ್ಟ.

“ಆಗಲಿ ಅಂದರು” ಎಂದ.

ಹೌದೇ ಎಂದು ನಾನು ಕೇಳಲಿಲ್ಲ.