ಮಾಬವ್ವನಿಗೆ ಹೊಲಿದ ಬಿಗಿ ಬಟ್ಟೆ

ಜಂಪರು ಬಿಗಿಯಾಗಿದೆ ಅಂದಳು ಮಾಬವ್ವ. ಎದೆಯ ಕೆಳಗೆ ಸುತ್ತಲೂ ಹಗ್ಗ ಬಿಗಿದಂತೆ ಆಗುತ್ತದೆ, ಸ್ವಲ್ಪ ಬಿಚ್ಚಿ ಕೊಡ್ರಿ ಅಂದಳು. ನಾನು ದರ್ಜಿ. ಹೆಂಡತಿಯ ಜಂಪರಿನ ಹೊಲಿಗೆ ಬಿಚ್ಚುವುದು ಎಷ್ಟರ ಕೆಲಸ? ಊಟಕ್ಕೆ ಕೂಡುವ ಮೊದಲೇ ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಬಿಟ್ಟುಕೊಟ್ಟೆ.

ಮರುದಿನವೂ ಬಿಗಿ ಅಂದಳು. ಒಳಗೆ ಇದ್ದ ಬಟ್ಟೆಯನ್ನೆಲ್ಲ ಬಿಟ್ಟೆ. ಮೈ ಬಂದಿರಬೇಕು ಅಂತ ನಗೆಚಾಟಿಕೆ ಮಾಡಿದೆ. ಆಕೆ ನಗಲಿಲ್ಲ. ಮೂರನೆಯ ದಿನ ಮುಂಜಾನೆ ನೋಡಿದರೆ ಜಂಪರು ತೆಗೆದಿಟ್ಟು, ಬರೀ ಸೀರೆಯ ಸೆರಗು ಹೊದ್ದುಕೊಂಡು ಗೋಡೆಗೆ ಒರಗಿದ್ದಳು.

“ಈಗೂ ಬಿಗೀನ ಐತ್ರಿ,” ಅಂದಳು.

ಬಿಗಿಯಾಗಲು ಅಲ್ಲಿ ಬಟ್ಟೆಯೇ ಇರಲಿಲ್ಲ.

ನಾವು ವಿಜಾಪುರ ಕಡೆಯವರು. ಗೋವಾದ ಝುವಾರಿನಗರದ ಒಂದು ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇವೆ. ನಾನು ವಾಸ್ಕೋದಲ್ಲಿ ಒಬ್ಬರ ಟೇಲರ್ ಅಂಗಡಿಯಲ್ಲಿ ಕಟಿಂಗ್ ಮಾಡುತ್ತೇನೆ. ಮಾಬವ್ವ ಮನೆಯಲ್ಲೇ ಕೂತು ಅಂಗಡಿಯ ಬಟ್ಟೆಗಳಿಗೆ ಕಾಜಾ, ಗುಂಡಿ, ಹೆಮ್ಮಿಂಗ್ ಮಾಡಿಕೊಡುತ್ತಿದ್ದಳು. ಮಕ್ಕಳಿಲ್ಲ. ಆಕೆಗೆ ಆಗ ಮೂವತ್ತೊಂದು ವರ್ಷ. ಜ್ವರ ಬಂದು ಹೋಗಿ ಎರಡು ವಾರ ಆಗಿತ್ತು, ಅಷ್ಟೆ.

ಅವತ್ತು ನಳಕ್ಕೆ ನೀರಿಗೆ ಹೋದವಳು ಕಾಲು ಮಡಚಿ ಬಿದ್ದಳು. ಮಧ್ಯಾಹ್ನಕ್ಕೆ ನಿಲ್ಲಲಾಗಲಿಲ್ಲ. ಸಂಜೆಗೆ ಮೂತ್ರ ಕಟ್ಟಿತು. ಪಕ್ಕದ ಮನೆಯವರ ಟೆಂಪೋದಲ್ಲಿ ಮಲಗಿಸಿಕೊಂಡು ಸೇತುವೆ ದಾಟಿ ದೊಡ್ಡಾಸ್ಪತ್ರೆಗೆ ಒಯ್ದೆ. ದಾರಿಯಲ್ಲಿ ಆಕೆಯ ಪಾದ ನನ್ನ ತೊಡೆಯ ಮೇಲಿತ್ತು. ಹಿಚುಕಿದೆ. ಗೊತ್ತಾಗುತ್ತದೇನು ಅಂತ ಕೇಳಿದೆ. ಏನು ಅಂತ ಕೇಳಿದಳು.

ಬೆನ್ನಿನಿಂದ ನೀರು ತೆಗೆದರು. ಬೆನ್ನೊಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ಮಾಡಿದರು. ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಂತ ಡಾಕ್ಟರು ಚೀಟಿಯ ಮೇಲೆ ಬರೆದರು. ಬೆನ್ನುಹುರಿಗೆ ಬಾವು ಬಂದಿದೆ, ಅದರ ಕೆಳಗಿನ ಮೈಗೆ ಸುದ್ದಿ ಹೋಗುತ್ತಿಲ್ಲ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕೆಲವರು ಎದ್ದು ನಡೆಯುತ್ತಾರೆ, ಕೆಲವರಿಗೆ ಅರ್ಧ ಬರುತ್ತದೆ, ಕೆಲವರು ಹಾಗೇ ಉಳಿಯುತ್ತಾರೆ. ಈಕೆ ಯಾವುದರಲ್ಲಿ ಬರುತ್ತಾಳೆ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಸುಳ್ಳು ಧೈರ್ಯ ಹೇಳದಿದ್ದಕ್ಕೆ ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು.

ಸ್ಟಿರಾಯ್ಡ್ ಇಂಜೆಕ್ಷನ್ ಆದವು. ಎದೆಯ ಬಿಗಿತ ನಿಧಾನಕ್ಕೆ ಹೋಯಿತು. ಎದೆಯಿಂದ ಕೆಳಗೆ ಮಾತ್ರ ಏನೂ ತಿರುಗಿ ಬರಲಿಲ್ಲ. ಮೂತ್ರಕ್ಕೆ ಕ್ಯಾಥೆಟರ್ ಹಾಕಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಬೇಕು. ಊರಿನಿಂದ ನಮ್ಮ ಅತ್ತೆ ಬಂದರು. ಮಲಗಿದ ಮಗಳ ಬಾಯಿಗೆ ಚಮಚೆಯಿಂದ ಗಂಜಿ ಹಾಕುತ್ತಿದ್ದರು. ಅದು ಕಿವಿಯ ಕಡೆ ಹರಿಯುತ್ತಿತ್ತು. ಮಾಬವ್ವ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ನಾನು ವಾರ್ಡಿನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಕೈಯಲ್ಲಿ ಕೆಲಸವಿಲ್ಲದೆ ನಿಲ್ಲುವುದು ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಕಲಿತೆ.

ಕೂಡಿಸಿದರೆ ಆಕೆ ಎಚ್ಚರ ತಪ್ಪುತ್ತಿದ್ದಳು. ಮಂಚದ ತಲೆಯ ಕಡೆಯನ್ನು ಎತ್ತಿ ಸ್ವಲ್ಪ ಹೊತ್ತಾದರೆ ಸಾಕು, ತುಟಿ ಬೆಳ್ಳಗಾಗಿ, ಬೆವರಿ, ಕುತ್ತಿಗೆ ಚೆಲ್ಲುತ್ತಿದ್ದಳು. ಮೊದಲ ಸಲ ಸತ್ತೇ ಹೋದಳು ಅಂದುಕೊಂಡೆ. ಫಿಜಿಯೋಥೆರಪಿಯ ಮೇಡಂ ಮಂಚ ಇಳಿಸಿ, ಕಾಲು ಎತ್ತಿ ಹಿಡಿದರು. ಕಣ್ಣು ಬಿಟ್ಟಳು.

ಮಡಗಾಂವದ ಆ ಮೇಡಂ ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ಹೊಟ್ಟೆಯ ಸ್ನಾಯು, ಮೀನಖಂಡದ ಸ್ನಾಯು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ರಕ್ತ ಮೇಲೆ ಏರುತ್ತದೆ. ಇವಳ ಸ್ನಾಯುಗಳಿಗೆ ಹಿಡಿದುಕೊಳ್ಳುವುದು ತಿಳಿಯುತ್ತಿಲ್ಲ. ಎದ್ದು ಕೂತರೆ ರಕ್ತವೆಲ್ಲ ಕೆಳಗೆ ನಿಲ್ಲುತ್ತದೆ. ಅವು ಮಾಡಬೇಕಾದ ಕೆಲಸವನ್ನು ಹೊರಗಿನಿಂದ ಬಟ್ಟೆ ಮಾಡಬೇಕು. ಕ್ರೇಪ್ ಬ್ಯಾಂಡೇಜ್ ಸುತ್ತಿ ನೋಡಿದರು. ತಿರುಗಿಸಿದಾಗೊಮ್ಮೆ ಜಾರಿ ಮೊಣಕಾಲಲ್ಲಿ ಗಂಟಾಗುತ್ತಿತ್ತು. ಹೊಟ್ಟೆಗೆ ಕಟ್ಟುವ ರೆಡಿಮೇಡ್ ಬೆಲ್ಟು ಬಾಣಂತಿಯರ ಅಳತೆಯದು. ಕೂಡಿಸಿದ ಕೂಡಲೇ ಮೇಲೆ ಸರಿದು ಪಕ್ಕೆಲುಬು ಹಿಡಿದು, ಉಸಿರಿಗೇ ಅಡ್ಡ ಬರುತ್ತಿತ್ತು.

ನಾನು ಹೊಲಿಯಲೇನು ಅಂತ ಕೇಳಿದೆ. ಮೇಡಂ ಬೇಡ ಅನ್ನಲಿಲ್ಲ. ಮೊದಲು ನನಗೆ ತೋರಿಸು ಅಂದರು.

ಕಲಂಗುಟ್ ಕಡೆ ಪರದೇಶದವರಿಗೆ ಈಜುವ ಬಟ್ಟೆ ಹೊಲಿಯುವ ದರ್ಜಿಯೊಬ್ಬ ನನಗೆ ಪರಿಚಯ. ಅವನ ಹತ್ತಿರ ಉಳಿದ ತುಂಡು ತಂದೆ. ಗಿಳಿಹಸಿರು, ಮೇಲೆ ಕಿತ್ತಳೆ ಎಲೆ. ಅದನ್ನು ನೋಡಿ ಮಾಬವ್ವ ಎಷ್ಟೋ ದಿನದ ಮೇಲೆ ನಕ್ಕಳು. ಹಿಂಗ ತೊಟ್ಟರ ನಮ್ಮೂರಾಗ ನಾಯಿ ಬೆನ್ನ ಹತ್ತತಾವು ಅಂದಳು.

ಎಳೆದರೆ ಹಿಗ್ಗುವ ಬಟ್ಟೆ ಹೊಲಿದವನಲ್ಲ ನಾನು. ನೇರ ಹೊಲಿಗೆ ಹಾಕಿದರೆ, ಎಳೆದ ಕೂಡಲೇ ದಾರ ಪಟಪಟ ಹರಿಯುತ್ತಿತ್ತು. ಜಿಗ್‌ಜಾಗ್ ಹಾಕಿದೆ, ಸೂಜಿ ಬದಲಿಸಿದೆ. ಅದಕ್ಕಿಂತ ಕಷ್ಟವಾದದ್ದು ಅಳತೆ. ದರ್ಜಿಯ ಕೈ ಯಾವಾಗಲೂ ಮೈಗಿಂತ ಸ್ವಲ್ಪ ಹೆಚ್ಚು ಬಿಡುತ್ತದೆ. ಉಸಿರಿಗೆ, ಕೂಡುವುದಕ್ಕೆ, ಏಳುವುದಕ್ಕೆ. ಇಲ್ಲಿ ಮೈಗಿಂತ ಕಡಿಮೆ ಕತ್ತರಿಸಬೇಕು. ಹೆಂಡತಿಯ ಮೈ ಎಷ್ಟು ಇದೆಯೋ ಅದಕ್ಕಿಂತ ಸಣ್ಣದಾಗಿ ಕತ್ತರಿ ಹಾಕುವಾಗ, ಆಕೆಗೇ ಕತ್ತರಿ ತಾಗಿದಂತೆ ಅನಿಸುತ್ತಿತ್ತು.

ಮೊದಲ ಕಾಲುಚೀಲ ಜಾರಬಾರದು ಎಂದು ತೊಡೆಯ ಮೇಲೆ ಎಲಾಸ್ಟಿಕ್ ಹಾಕಿದೆ. ಮೇಡಂ ನೋಡಿ ತೆಗೆಸಿದರು. ಮೇಲೆ ಬಿಗಿದರೆ ಚೀಲದ ಬಾಯಿ ಕಟ್ಟಿದ ಹಾಗೆ, ಕೆಳಗಿನದು ಮೇಲೆ ಬರುವುದಿಲ್ಲ. ಪಾದದ ಗಂಟು, ಹರಡಿನ ಹತ್ತಿರ ಎಲ್ಲಕ್ಕಿಂತ ಬಿಗಿ ಇರಬೇಕು, ಮೇಲೆ ಹೋದಂತೆ ಸಡಿಲ ಅಂದರು. ಎಲಾಸ್ಟಿಕ್ ಕಿತ್ತೆ. ಹೊಟ್ಟೆಯ ಪಟ್ಟಿಗೆ ನಾಲ್ಕು ಲಾಡಿ ಹೊಲಿದು, ಕಾಲುಚೀಲಗಳನ್ನು ಅದಕ್ಕೆ ಇಳಿಬಿಟ್ಟೆ. ಪಟ್ಟಿಗೆ ಮುಂದೆ ಎರಡು ಪದರ, ಮಲಗಿದಾಗಲೇ ಹಾಕುವಂತೆ ಎರಡು ಸಾಲು ಹುಕ್ಕು. ನಾಲ್ಕು ಸಲ ಬಿಚ್ಚಿ ಹೊಲಿದೆ.

ಐದನೆಯ ಸಲ ಆಕೆ ಕೂತಳು. ದಿಂಬಿನ ಆಸರೆ ಇತ್ತು, ಆದರೂ ಕೂತಳು. ತುಟಿಯ ಬಣ್ಣ ಹೋಗಲಿಲ್ಲ. ಅತ್ತೆ ತಟ್ಟೆ ತಂದು ಮುಂದಿಟ್ಟರು. ಮಾಬವ್ವ ತನ್ನ ಕೈಯಿಂದ ರೊಟ್ಟಿ ಮುರಿದಳು. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಹೋದರು.

ಮನೆಗೆ ಬಂದೆವು. ಮೇಡಂ ಹೇಳಿಕೊಟ್ಟಂತೆ ಮೊದಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು. ಬಿಚ್ಚಿದಾಗೊಮ್ಮೆ ಚರ್ಮ ನೋಡಬೇಕು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಬೇಕು. ಬಿಳಿಯಾದರೆ ಚಿಂತೆಯಿಲ್ಲ, ಕೆಂಪು ಹಾಗೇ ಉಳಿದರೆ ಬಟ್ಟೆ ಹಾಕಬಾರದು. ನೋಡುತ್ತಿದ್ದೆ. ಆದರೆ ರಂಜಾನಿನ ಹಿಂದಿನ ವಾರ ಅಂಗಡಿಯಲ್ಲಿ ಕೆಲಸ ಜಾಸ್ತಿ. ಆಕೆಗೂ ಕೂಡುವ ಆಸೆ. ಇನ್ನ ಸ್ವಲ್ಪ ಇರಲಿ ಅನ್ನುತ್ತಿದ್ದಳು, ಅತ್ತೆ ಇರಲಿ ಅನ್ನುತ್ತಿದ್ದರು. ಎರಡು ದಿನ ನಾನು ಬರುವವರೆಗೂ ತೊಟ್ಟೇ ಇದ್ದಳು.

ಬಿಚ್ಚಿದೆ. ಬಲಗಡೆ ಟೊಂಕದ ಎಲುಬಿನ ಮೇಲೆ ನನ್ನ ಹೊಲಿಗೆಯ ಗುರುತು ಸಾಲಾಗಿ ಮೂಡಿತ್ತು. ಒತ್ತಿದೆ.

ಬಿಳಿಯಾಗಲಿಲ್ಲ.

ಮೂರು ದಿನದಲ್ಲಿ ಅದು ಕಪ್ಪಾಗಿ ಬಾಯಿ ಬಿಟ್ಟಿತು. ಮತ್ತೆ ದೊಡ್ಡಾಸ್ಪತ್ರೆ, ಏಳು ವಾರ, ದಿನಾ ಡ್ರೆಸ್ಸಿಂಗ್. ಗಾಯ ತೊಳೆಯುವಾಗ ಮಾಬವ್ವನಿಗೆ ನೋವಿಲ್ಲ. ಆಕೆ ಚಾವಣಿ ನೋಡುತ್ತಿದ್ದಳು. ನೋಡಿ ಸಂಕಟಪಡುವುದು ನನ್ನ ಪಾಲಿಗೆ ಬಂದಿತ್ತು. ಬೇರೆಯವರ ಮೈಗೆ ಇಪ್ಪತ್ತು ವರ್ಷ ಹೊಲಿದಿದ್ದೇನೆ, ಹೊಲಿಗೆ ಚುಚ್ಚಿದರೆ ಅವರು ಬಂದು ಹೇಳುತ್ತಾರೆ. ಈ ಮೈ ಏನೂ ಹೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಲಿಗೆಯನ್ನು ಎಲುಬಿನ ಮೇಲೆ ತಂದಿದ್ದೆ. ಇನ್ನು ಹೊಲಿಯುವುದಿಲ್ಲ ಅಂತ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ಹೊಲಿಯದಿದ್ದರೆ ಮಲಗೇ ಇರುತ್ತಾಳೆ, ಮಲಗಿದರೂ ಹುಣ್ಣಾಗುತ್ತದೆ ಅಂದರು.

ಗಾಯ ಮುಚ್ಚಿದ ಮೇಲೆ ಹೊಸದು ಹೊಲಿದೆ. ಹೊಲಿಗೆಯನ್ನೆಲ್ಲ ಹೊರಮೈಗೆ ತಂದೆ. ಎಲುಬು ಇರುವಲ್ಲಿ ಹೊಲಿಗೆಯೇ ಬಾರದಂತೆ ಕಟಿಂಗ್ ತಿರುಗಿಸಿದೆ. ಹಿಂಗ ಯಾರಾದ್ರೂ ಉಲ್ಟಾ ಹೊಲೀತಾರೇನು ಅಂತ ಅತ್ತೆ ಕೇಳಿದರು. ಹೌದು, ಅದು ಉಲ್ಟಾನೇ ಕಾಣುತ್ತದೆ. ಈಗ ಎಷ್ಟೇ ಕೆಲಸವಿರಲಿ, ಮಧ್ಯಾಹ್ನ ಬಸ್ಸು ಹಿಡಿದು ಬಂದು ನಾನೇ ಬಿಚ್ಚಿ ನೋಡುತ್ತೇನೆ.

ಆ ಬಟ್ಟೆಯ ಹಿಡಿತ ಮೂರು ತಿಂಗಳಿಗೆ ಹೋಗುತ್ತದೆ. ಪ್ರತಿ ಸಲ ಹೊಸ ಅಳತೆ. ಮುಂಜಾನೆ, ಕಾಲಿಗೆ ಬಾವು ಇಲ್ಲದ ಹೊತ್ತಿನಲ್ಲಿ, ಹರಡು, ಮೀನಖಂಡ, ತೊಡೆ. ಮೊದಲ ಸಲ ಮೀನಖಂಡ ಹದಿಮೂರು ಇಂಚು ಇತ್ತು. ಆಮೇಲೆ ಹನ್ನೆರಡು. ಆಮೇಲೆ ಹನ್ನೊಂದಕ್ಕೂ ಒಂದು ಗೆರೆ ಕಡಿಮೆ. ಡಾಕ್ಟರು ನನಗೆ ಒಬ್ಬನಿಗೇ ಹೇಳಿದ್ದರು, ಇಷ್ಟು ದಿನಕ್ಕೆ ಬಾರದ್ದು ಇನ್ನು ಬರುವುದು ಕಷ್ಟ ಎಂದು. ಅವರು ಹೇಳುವ ಮೊದಲೇ ಟೇಪು ಹೇಳಿತ್ತು. ನಾನು ಪುಸ್ತಕದಲ್ಲಿ ಹಳೆಯ ಅಳತೆಯನ್ನೇ ಬರೆದು, ಕತ್ತರಿಸುವಾಗ ಮಾತ್ರ ಖರೇ ಅಳತೆ ಹಿಡಿಯುತ್ತಿದ್ದೆ. ಬಟ್ಟೆ ಸಡಿಲಾಗಿದೆ, ಅದಕ್ಕೇ ಹೊಸದು ಅನ್ನುತ್ತಿದ್ದೆ.

ಕಳೆದ ಸಲ ಮಾಬವ್ವ ಟೇಪಿನ ತುದಿ ಹಿಡಿದುಕೊಂಡಳು.

“ಬಟ್ಟಿ ಸಡ್ಲ ಆಗಿಲ್ರಿ. ಕಾಲು ಸಣ್ಣ ಆಗ್ಯಾವು.”

ನಾನು ಪುಸ್ತಕ ಮುಚ್ಚಿದೆ.

“ನನಗ ಗೊತ್ತಾಗೂದಿಲ್ಲೇನು? ನಾನೂ ದರ್ಜಿ ಹೇಂತಿ. ಇದ್ದಷ್ಟು ಕಾಲಿಗೆ ಹೊಲೀರಿ. ಸುಳ್ಳು ಬರೀಬ್ಯಾಡ್ರಿ.”

ಆಕೆಯ ಪಾದ ನನ್ನ ಮಡಿಲಲ್ಲೇ ಇತ್ತು. ನನಗೆ ಅಳು ಬಂತು. ಆಕೆ ಅಳಲಿಲ್ಲ, ನನ್ನ ತಲೆಯ ಮೇಲೆ ಕೈ ಇಟ್ಟು ಕೂತಿದ್ದಳು. ಅಷ್ಟು ಹೊತ್ತು ಆಸರೆಯಿಲ್ಲದೆ ಕೂತದ್ದು ಇಬ್ಬರಿಗೂ ಆಮೇಲೆ ಗೊತ್ತಾಯಿತು. ಹತ್ತು ಮುಕ್ಕಾಲು ಅಂತ ನಾನು ಬರೆದೆ.

ಈಗ ದಿನಕ್ಕೆ ಮೂರು ತಾಸು ಕೂಡುತ್ತಾಳೆ, ನಡುವೆ ಬಿಚ್ಚಿ ಮಲಗಿಸಿ. ಕಾಜಾ ಹಾಕುವ ಕೆಲಸ ಮತ್ತೆ ಹಿಡಿದಿದ್ದಾಳೆ. ಕೆಲವು ದಿನ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ, ಆ ದಿನ ಇಡೀ ಮಲಗೇ ಇರುತ್ತಾಳೆ. ಅದು ಯಾಕೆಂದು ನನಗೂ ತಿಳಿಯುವುದಿಲ್ಲ, ಡಾಕ್ಟರಿಗೂ ಪೂರ್ತಿ ತಿಳಿದಂತಿಲ್ಲ.

ಹೋದ ಭಾನುವಾರ ಮೇಡಂ ಹೇಳಿದರೆಂದು ಸಾಂಖಳಿಗೆ ಹೋಗಿದ್ದೆ. ಬೆನ್ನುಮೂಳೆಗೆ ಪೆಟ್ಟಾದ ಟ್ರಕ್ ಡ್ರೈವರ್ ಒಬ್ಬರಿಗೆ ಅಳತೆ ತೆಗೆಯಬೇಕಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ನನಗೆ ಚಹಾ ಕೊಟ್ಟು, ಈ ಬಟ್ಟೆ ಹಾಕಿದರೆ ಇವರು ನಡೆಯುತ್ತಾರೇನು ಎಂದು ಕೊಂಕಣಿಯಲ್ಲಿ ಕೇಳಿದಳು. ನನ್ನ ಹರಕು ಕೊಂಕಣಿಯಲ್ಲಿ, ನನ್ನ ಹೆಂಡತಿ ನಡೆದಿಲ್ಲ, ಕೂಡುತ್ತಾಳೆ ಅಂದೆ. ಇದರಿಂದ ಹುಣ್ಣೂ ಆಗಬಹುದು, ದಿನಾ ನೀವೇ ಬಿಚ್ಚಿ ನೋಡಬೇಕು ಅಂತಲೂ ಹೇಳಿದೆ.

ಆಕೆ ಖಾಲಿ ಲೋಟ ಇಸಿದುಕೊಂಡು ಕೆಳಗಿಟ್ಟಳು. ಆಮೇಲೆ ಬಗ್ಗಿ, ಗಂಡನ ಕಾಲ ಮೇಲಿನ ಚಾದರ ತೆಗೆದಳು.