ಬಾಯಿಗೆ ಪೈಪು ಬೇಡ ಎಂದೆ

"ಕೆಮ್ಮಬೇಡಪ್ಪ, ಇನ್ನು ಸ್ವಲ್ಪ ಹೊತ್ತು," ಎಂದರು ತಲೆಯ ಹತ್ತಿರ ಕುಳಿತಿದ್ದ ಅರಿವಳಿಕೆ ಡಾಕ್ಟರಮ್ಮ. ನಾನು ಎಡಮಗ್ಗುಲಾಗಿ ಮಲಗಿದ್ದೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಮಂಪರು, ಆದರೆ ಎಚ್ಚರವಿತ್ತು. ಬಲಪಕ್ಕೆಯ ಸಣ್ಣ ತೂತಿನಿಂದ ಕ್ಯಾಮರಾ ಒಳಗೆ ಹೋಗಿತ್ತು. ಪಕ್ಕೆ ಮರಗಟ್ಟಿತ್ತು, ನೋವಿಲ್ಲ. ಆ ಕಡೆಯ ಶ್ವಾಸಕೋಶ ಕುಸಿದಿದ್ದರಿಂದ ಉಸಿರು ಮಾತ್ರ ಅರ್ಧಕ್ಕೇ ನಿಂತಂತಾಗುತ್ತಿತ್ತು. ಕೆಮ್ಮಿದರೆ ಉಸಿರಾಡಿಸಲು ಬಾಯಿಗೆ ಪೈಪು ಹಾಕುತ್ತಾರೆ. ಮಾತು ಹಾಗೇ ಆಗಿತ್ತು.

ಅಪ್ಪನಿಗೆ ಪೈಪು ಹಾಕಿದ್ದರು. ಆಮೇಲೆ ಅವನು ಒಂದು ಮಾತೂ ಆಡದೆ ಹೋದ. ಅವನ ಕಾಯಿಲೆಯೇ ಬೇರೆ, ಪೈಪಿನಿಂದ ಸತ್ತದ್ದಲ್ಲ ಎಂದು ಆಪರೇಷನ್ನಿಗೆ ಮೊದಲೇ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಗೊತ್ತು. ಆದರೂ ಬೇಡ ಎಂದೆ. ನನ್ನ ಶ್ವಾಸಕೋಶದ ತುದಿಯಲ್ಲಿ ಗುಳ್ಳೆ ಒಡೆದು ಎರಡು ಸಲ ಎದೆಯೊಳಗೆ ಗಾಳಿ ತುಂಬಿತ್ತು. ಅದನ್ನು ಕತ್ತರಿಸಿ ತೆಗೆಯಬೇಕಿತ್ತು.

"ಸಣ್ಣ ಕೆಲಸ, ನೀನೂ ತೆಳ್ಳಗಿದ್ದೀಯ. ಪೈಪಿಲ್ಲದೆ ನೋಡೋಣ. ಆದ್ರೆ ಕೆಮ್ಮಿದ್ರೆ, ಉಸಿರು ಸಾಲದೆ ಬಂದ್ರೆ ನಿನ್ನ ಕೇಳದೆ ಹಾಕ್ತೀನಿ. ಒಪ್ಪಿಗೆನಾ?" ಎಂದರು ಡಾಕ್ಟರಮ್ಮ.

ಸಹಿ ಹಾಕಿದೆ. ಹನಗೋಡಿನಿಂದ ಬಂದಿದ್ದ ಸೋದರಮಾವ ಹಾರಾಡಿದ.

"ಪೈಪಿಲ್ದೆ ನಿಂಗೆ ಉಸ್ರು ಬುಡ್ಸೋರ್ ಯಾರ್ಲಾ?"

"ನಾನೇ ಬುಡ್ತೀನಿ ಕಣ್ ಮಾವ."

"ಕೊಬ್ಬು ಕಣ್ಲಾ ನಿಂಗೆ."

"ಇರ್ಲಿ ಬುಡು."

ಈಗ ಆಪರೇಷನ್ ಟೇಬಲ್ಲಿನ ಮೇಲೆ ಗಂಟಲಲ್ಲಿ ಕೆರೆತ ಎದ್ದಿತು. ನಮ್ಮಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂಬ ಎತ್ತರದ ಗೂಡಿನಲ್ಲಿ ಒಣಗಿದ ಸೊಪ್ಪು ಇಳಿಸಲು ಮೇಲಿನ ತೊಲೆಗೆ ಹತ್ತುವವನು ನಾನೇ. ಅಲ್ಲಿ ಬಾಯಿ ತೆರೆದರೆ ಘಾಟಿಗೆ ಕೆಮ್ಮು ಬರುತ್ತದೆ. ಕೆಮ್ಮಿದರೆ ಕಾಲು ಜಾರುತ್ತದೆ. ಅದಕ್ಕೆ ಬಾಯಿ ಮುಚ್ಚಿ, ಮೂಗಿನಲ್ಲಿ ತುಂಡು ತುಂಡಾಗಿ ಉಸಿರೆಳೆದು, ಉಗುಳು ನುಂಗುತ್ತಿರುತ್ತೇವೆ. ಹಾಗೇ ಮಾಡಿದೆ. ಕೆರೆತ ಹೋಗಲಿಲ್ಲ. ಮತ್ತೆ ನುಂಗಿದೆ. ಡಾಕ್ಟರಮ್ಮ ಪೈಪು ಕೈಗೆತ್ತಿಕೊಂಡದ್ದು ಕಾಣಿಸಿತು. ಅವರನ್ನೇ ದುರುಗುಟ್ಟಿ ನೋಡಿದೆ. ಅವರು ಮಾನಿಟರ್ ನೋಡಿದರು, ನನ್ನನ್ನು ನೋಡಿದರು.

"ಆಕ್ಸಿಜನ್ ಸರಿಯಾಗಿದೆ. ಇನ್ನೊಂದು ನಿಮಿಷ ಕೊಡ್ತೀನಿ."

ಒಂದು ನಿಮಿಷ ಬೇಕಾಗಲಿಲ್ಲ. ಕೆರೆತ ಇಳಿಯಿತು. ಗುಳ್ಳೆ ಕತ್ತರಿಸಿ ಹೊಲಿಗೆ ಹಾಕಿದರು.

ವಾರ್ಡಿಗೆ ಬಂದ ಮಾವ, ನನ್ನ ಪಕ್ಕೆಯಿಂದ ಮಂಚದ ಕೆಳಗಿನ ಡಬ್ಬಿಗೆ ಇಳಿದಿದ್ದ ಕೊಳವೆ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಮತ್ತೆ ಇದೇನ್ಲಾ? ಪೈಪ್ ಆಕವ್ರಲ್ಲ."

"ಇದು ಎದೆ ಒಳಗಿನ್ ಗಾಳಿ ಆಚೆ ಓಗಕೆ. ಬಾಯಿಗ್ ಆಕಿದ್ರೆ ನಿನ್ ಕೂಡ ಇಂಗೆ ಜಗಳ ಆಡಕಾಯ್ತಿತ್ತಾ?"

ಮಾವ ಸ್ಟೂಲು ಎಳೆದುಕೊಂಡು ಕುಳಿತ.

ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.